ಬಿಡುವು ಸಿಕ್ಕರೂ ದಣಿವು ಆರುತ್ತಿಲ್ಲ, ನೀವು ಏನು ಮಾಡುತ್ತೀರಿ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳಬೇಕು ಅಂದುಕೊಂಡಿದ್ದೆ, ಇವತ್ತು ಬರೆಯುತ್ತಿದ್ದೇನೆ. ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಹುಷಾರಿಲ್ಲದ ಅತ್ತೆ, ಗಂಡ. ಬಿಡುವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ರಾತ್ರಿ ಎಲ್ಲ ಮುಗಿದ ಮೇಲೆ ಒಂದು ಗಂಟೆ ಸಿಗುತ್ತದೆ. ಭಾನುವಾರ ಮಧ್ಯಾಹ್ನವೂ ಸ್ವಲ್ಪ ಹೊತ್ತು ಸಿಗುತ್ತದೆ. ಆದರೆ ಆ ಹೊತ್ತು ಮುಗಿದು ಏಳುವಾಗ ಕೂತಾಗ ಇದ್ದಷ್ಟೇ ಸುಸ್ತು ಇರುತ್ತದೆ, ಕೆಲವು ದಿನ ಅದಕ್ಕಿಂತ ಜಾಸ್ತಿ. ಸೋಫಾದ ಮೇಲೆ ಕಾಲು ಚಾಚಿ ಕೂತಿರುತ್ತೇನೆ, ಫೋನ್ ಕೈಯಲ್ಲಿರುತ್ತದೆ, ಕಿವಿ ಮಾತ್ರ ಒಳಗಿನ ಕೋಣೆಯ ಕಡೆಗೇ ಇರುತ್ತದೆ.

ಇಷ್ಟೇ ಸಮಯದಲ್ಲಿ ನಿಜವಾಗಿ ದಣಿವಾರಿಸಿಕೊಳ್ಳುವವರು ಇಲ್ಲಿ ಇದ್ದೀರಾ? ಏನು ಮಾಡುತ್ತೀರಿ? ಬೆಳಗ್ಗೆ ಇನ್ನೂ ಬೇಗ ಏಳಿ ಅನ್ನುವ ಸಲಹೆ ಮಾತ್ರ ಬೇಡ, ಅದು ನನ್ನಿಂದ ಆಗುವುದಿಲ್ಲ.

ಪುಟ್ಟಹೆಜ್ಜೆ:
ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೋಡಿ. ಕೈಗೆ ಸಿಗುವ ಹಾಗಿದ್ದರೆ ನಾವು ಎತ್ತಿಕೊಂಡೇ ಎತ್ತಿಕೊಳ್ಳುತ್ತೇವೆ. ಎದ್ದು ಹೋಗಿ ತರಬೇಕು ಅಂದಾಗ ಬಹಳ ಸಲ ಬೇಡ ಅನ್ನಿಸುತ್ತದೆ. ನನಗೆ ಇದೊಂದರಿಂದಲೇ ತುಂಬಾ ವ್ಯತ್ಯಾಸ ಆಯಿತು.

ಹಳೇಮರ:
ಸಂಜೆಗಾಳಿ ಅವರೇ, ನಾನು ಬಹಳ ವರ್ಷ ಉದ್ಯೋಗಿಗಳಿಗೆ ಆಪ್ತ ಸಮಾಲೋಚನೆ ಮಾಡಿದವನು. ಈ ದೂರನ್ನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಕೂತ ತಕ್ಷಣ ವಿಶ್ರಾಂತಿ ಆಗಿಬಿಡುವುದಿಲ್ಲ. ಕೈ ಬಿಡುವಾಗಿರುತ್ತದೆ, ತಲೆ ಬಿಡುವಾಗಿರುವುದಿಲ್ಲ, ಅಲ್ವಾ?

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆನ್‌ಟಾಗ್ ಈ ವಿಷಯದಲ್ಲಿ ತುಂಬಾ ಕೆಲಸ ಮಾಡಿದ್ದಾರೆ. ಅವರೂ ಶಾರ್ಲೊಟ್ ಫ್ರಿಟ್ಜ್ ಅವರೂ ಸೇರಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ದಣಿವು ಆರಲು ನೆರವಾಗುವ ಅನುಭವಗಳನ್ನು ನಾಲ್ಕಾಗಿ ವಿಂಗಡಿಸಿದ್ದರು. ಕೆಲಸದಿಂದ ಮನಸ್ಸನ್ನು ಪೂರ್ತಿ ಬಿಡಿಸಿಕೊಳ್ಳುವುದು ಒಂದು. ಮೈಮನಸ್ಸು ಸಡಿಲವಾಗುವುದು ಇನ್ನೊಂದು. ಕೆಲಸಕ್ಕೆ ಸಂಬಂಧವಿಲ್ಲದ ಏನನ್ನಾದರೂ ಕಲಿತು ಅದರಲ್ಲಿ ಕೈ ಪಳಗುವುದು ಮೂರನೆಯದು. ಈ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟಿರುವುದು ನಾಲ್ಕನೆಯದು. ಸುಮ್ನೆ ಕೂರುವುದು ಇದರಲ್ಲಿ ಒಂದು ಭಾಗ ಮಾತ್ರ. ಅದಕ್ಕೇ ಕೆಲವರು ಗಿಡಗಳ ಜೊತೆ ಒಂದು ಗಂಟೆ ಮಣ್ಣು ಕೆದಕಿ ಬೆವರಿ ಬಂದರೂ ಹಗುರಾಗಿರುತ್ತಾರೆ, ಇನ್ನು ಕೆಲವರು ಇಡೀ ಸಂಜೆ ಮಲಗಿದ್ದರೂ ಭಾರವಾಗಿರುತ್ತಾರೆ.

ಕೆಲಸ ಮುಗಿಸುವ ರೀತಿಯೂ ಮುಖ್ಯ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ನಮ್ಮ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ನೀವು ಆಫೀಸಿನಿಂದ ಹೊರಡುವ ಮೊದಲು ಹತ್ತು ನಿಮಿಷ ಇದಕ್ಕೇ ಇಟ್ಟುಕೊಳ್ಳಿ. ಉಳಿದಿರುವ ಕೆಲಸವನ್ನು ಕಾಗದದ ಮೇಲೆ ಬರೆದಿಡಿ. 'ವರದಿ ಮುಗಿಸಬೇಕು' ಅಂತ ಬರೆದರೆ ಉಪಯೋಗವಿಲ್ಲ. 'ನಾಳೆ ಬಂದ ತಕ್ಷಣ ಮೂರನೇ ಪಟ್ಟಿಯ ಮೊತ್ತ ತಾಳೆ ನೋಡಬೇಕು' ಅಂತ ಬರೆಯಬೇಕು. ಮುಂದಿನ ಹೆಜ್ಜೆ ಯಾವುದು ಅಂತ ತಲೆಗೆ ಗೊತ್ತಾದರೆ ಅದು ಪದೇ ಪದೇ ನೆನಪಿಸುವುದು ಕಡಿಮೆಯಾಗುತ್ತದೆ.

ರಾತ್ರಿ ಮಲಗುವ ಮುಂಚೆಯೂ ಇದನ್ನೇ ಮಾಡಬಹುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ತಂಡ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. 57 ಮಂದಿ ಭಾಗವಹಿಸಿದ್ದರು. ಮಲಗುವ ಮೊದಲು ಐದು ನಿಮಿಷ, ಅರ್ಧ ಜನ ಆಗಲೇ ಮುಗಿಸಿದ ಕೆಲಸಗಳನ್ನು ಬರೆದರು, ಉಳಿದವರು ಮುಂದೆ ಮಾಡಬೇಕಾದದ್ದನ್ನು ಬರೆದರು. ಮುಂದಿನದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ಬಿಡಿಸಿ ಬರೆದಷ್ಟೂ ಒಳ್ಳೆಯದಾಗಿತ್ತು. ನಾಳೆಯ ಕೆಲಸ ಬರೆದರೆ ಚಿಂತೆ ಜಾಸ್ತಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಗಿದ್ದು ಅದರ ಉಲ್ಟಾ.

ಪಾಳಿಕೆಲಸ:
ನಾನು ನರ್ಸ್. ಹಗಲು, ರಾತ್ರಿ ಎರಡೂ ಪಾಳಿ ಮಾಡುತ್ತೇನೆ. ಹಳೇಮರ ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ನನ್ನ ಮೊದಲ ಪ್ರಶ್ನೆ ಬೇರೆ. ನೀವು ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ಬೇಕು. ಐದು ಗಂಟೆ ಮಲಗಿ, ಸಂಜೆ ಹೊತ್ತು ಯಾಕೆ ಮಂಕಾಗಿದ್ದೇನೆ ಅಂತ ಯೋಚಿಸಿದರೆ ಉತ್ತರ ಸಿಗುವುದಿಲ್ಲ. ನಿದ್ದೆಯ ಸಾಲವನ್ನು ಹಾಡು ಕೇಳಿಯೋ ವಾಕಿಂಗ್ ಮಾಡಿಯೋ ತೀರಿಸಲು ಆಗುವುದಿಲ್ಲ.

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ತೂಕಡಿಕೆ ಜಾಸ್ತಿ. ಮಲಗಿದಾಗ ಅದು ಇಳಿಯುತ್ತದೆ. ಕಾಫಿ, ಟೀಯಲ್ಲಿರುವ ಕೆಫೀನ್ ಈ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದು ನಿಂತಿರುತ್ತದೆ ಅಷ್ಟೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚಿನವರಿಗೆ ಸುಮಾರು ಐದು ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ. ಮಧ್ಯಾಹ್ನದ ನಂತರ ಬಿಟ್ಟು ನೋಡಿ.

ಹಗಲು ಮಲಗುವುದಾದರೆ ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಡಿ. ಜಾಸ್ತಿ ಹೊತ್ತು ಮಲಗಿದರೆ ಗಾಢ ನಿದ್ದೆಗೆ ಜಾರುತ್ತೀರಿ, ನಡುವೆ ಎದ್ದರೆ ತಲೆ ಜಡವಾಗಿರುತ್ತದೆ. ದೂರದ ಹಾರಾಟದ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಅಧ್ಯಯನದಲ್ಲಿ ಅವರಿಗೆ 40 ನಿಮಿಷದ ಬಿಡುವು ಕೊಟ್ಟಿದ್ದರು. ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ಅಷ್ಟಕ್ಕೇ ಅವರ ಎಚ್ಚರ ಚೆನ್ನಾಗಿ ಉಳಿಯಿತು. ಅರ್ಧ ಗಂಟೆ ಫೋನ್ ನೋಡುವ ಬದಲು ಕಣ್ಣು ಮುಚ್ಚಿ ಮಲಗುವುದು ಎಷ್ಟೋ ಮೇಲು ಅಂತ ನಾನು ನನ್ನ ಸಹೋದ್ಯೋಗಿಗಳಿಗೂ ಹೇಳುತ್ತಿರುತ್ತೇನೆ.

ನೇರಮಾತು:
ಎಲ್ಲರೂ ಒಳ್ಳೆಯ ಮಾತೇ ಹೇಳಿದ್ದೀರಿ. ಆದರೆ ಒಂದು ವಿಷಯ ನನಗೆ ಬೇಜಾರು ತರಿಸುತ್ತದೆ. ದಣಿದವರಿಗೇ ಇನ್ನೊಂದು ಕೆಲಸ ಹೇಳುತ್ತಿದ್ದೇವೆ. ಪಟ್ಟಿ ಬರಿ, ಫೋನ್ ಇಡು, ಅಲಾರಾಂ ಇಡು. ವಿಶ್ರಾಂತಿ ಅನ್ನುವುದು ಅವರವರ ಜಾಣತನದ ಮೇಲೆ ನಿಂತ ವಿಷಯ ಅಲ್ಲ, ಅದು ಹಕ್ಕು. ಜನ ಹೋರಾಡಿ ಪಡೆದದ್ದು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ ಕೆಲಸ ಅನ್ನುವುದು. ಪ್ರತಿ ಏಳು ದಿನದಲ್ಲಿ ಒಂದೇ ಸಮನೆ 24 ಗಂಟೆ ಬಿಡುವು ಅಂತ 1921ರಲ್ಲಿ ಸೇರಿತು. ಸಂಬಳ ಸಹಿತ ರಜೆ 1936ರಲ್ಲಿ ಬಂತು. 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ವಿಶ್ರಾಂತಿ ಮತ್ತು ಬಿಡುವಿನ ಬಗ್ಗೆಯೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಒಂದು ಅಂದಾಜು ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35 ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಜಾಸ್ತಿ. ಇಷ್ಟು ದೊಡ್ಡ ವಿಷಯವನ್ನು ಫೋನ್ ಪಕ್ಕಕ್ಕಿಡಿ ಅನ್ನುವ ಮಾತಿನಲ್ಲಿ ಮುಗಿಸಬಾರದು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಂಪನಿಗಳು, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ಮಾಡಲೇಬೇಕು ಅಂತ ಕಾನೂನು ಬಂತು. ನಿಮ್ಮ ಆಫೀಸಿನಲ್ಲಿ ರಾತ್ರಿ ಮೆಸೇಜ್ ಬರುತ್ತಿದ್ದರೆ ನಾಲ್ಕು ಜನ ಸೇರಿ ಮಾತಾಡಿ. ಒಬ್ಬರೇ ಹೇಳಿದರೆ ಸೋಮಾರಿ ಅನ್ನುತ್ತಾರೆ.

ಸಂಜೆಗಾಳಿ:
ಎಲ್ಲರಿಗೂ ಧನ್ಯವಾದ. ಪಟ್ಟಿ ಬರೆಯುವುದು ಇವತ್ತೇ ಶುರು ಮಾಡುತ್ತೇನೆ, ನನ್ನ ಕೆಲಸಕ್ಕೆ ಅದು ಹೊಂದುತ್ತದೆ. ನಿದ್ದೆ ಆರು ಗಂಟೆ ಆಗುತ್ತಿದೆ, ನಡುವೆ ಎರಡು ಸಲ ಏಳುತ್ತೇನೆ.

ನೇರಮಾತು ಅವರೇ, ನೀವು ಹೇಳಿದ್ದು ನಿಜ. ಆದರೆ ನನ್ನ ಆಫೀಸು ಸಂಜೆ ಬಾಗಿಲು ಹಾಕುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ. ಮನೆಗೆ ಬಾಗಿಲು ಹಾಕುವ ಹೊತ್ತು ಅಂತ ಇಲ್ಲವಲ್ಲ. ಅದಕ್ಕೆ ಏನು ಮಾಡಲಿ?

ಒಬ್ಬಳೇಮಗಳು:
ಈ ಕೊನೆಯ ಸಾಲು ನೋಡಿ ಬರೆಯಲೇಬೇಕು ಅನ್ನಿಸಿತು. ನಾನು ಅಪ್ಪನನ್ನು ನೋಡಿಕೊಳ್ಳುತ್ತಿದ್ದೇನೆ. ಪಾರ್ಶ್ವವಾಯು ಆಗಿ ಎಡಗೈ ಎಡಗಾಲು ಆಡುವುದಿಲ್ಲ. ಸಂಜೆಗಾಳಿ ಅಕ್ಕ, ನೀವು ಮೊದಲೇ ಉತ್ತರ ಬರೆದುಬಿಟ್ಟಿದ್ದೀರಿ. ಕಿವಿ ಒಳಗಿನ ಕೋಣೆಯ ಕಡೆಗೇ ಇರುತ್ತದೆ ಅಂದಿರಲ್ಲ, ಅದೇ.

ಒಲೆ ಮೇಲೆ ಹಾಲಿಟ್ಟು ಪಕ್ಕದ ಕೋಣೆಯಲ್ಲಿ ಮಲಗಿದರೆ ನಿದ್ದೆ ಬರುತ್ತದಾ? ಹಾಲು ಉಕ್ಕದೇ ಇರಬಹುದು, ಆದರೂ ಬರುವುದಿಲ್ಲ. ನಮ್ಮ ಬಿಡುವೆಲ್ಲ ಹೀಗೇ ಇದೆ. ಗಂಟೆ ಲೆಕ್ಕದಲ್ಲಿ ನೋಡಿದರೆ ನನಗೆ ದಿನಕ್ಕೆ ಮೂರು ಗಂಟೆ ಬಿಡುವಿತ್ತು, ಅಪ್ಪ ಮಲಗಿರುವಾಗ. ಅದರಲ್ಲಿ ಒಂದು ನಿಮಿಷವೂ ನನ್ನದಾಗಿರಲಿಲ್ಲ. ಕೆಮ್ಮಿದರೆ ಏಳಬೇಕು, ಮಗ್ಗುಲು ಬದಲಿಸಬೇಕು ಅಂತ ಕರೆದರೆ ಏಳಬೇಕು. ಕರೆಯದೇ ಇದ್ದರೆ ಯಾಕೆ ಕರೆಯಲಿಲ್ಲ ಅಂತ ಎದ್ದು ನೋಡಬೇಕು.

ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಆ ಹೊತ್ತಿನ ಜವಾಬ್ದಾರಿಯನ್ನು ಇನ್ನೊಬ್ಬರು ಪೂರ್ತಿ ಹೊರಬೇಕು. ನೆರವಾಗುವುದು ಅಲ್ಲ, ವಹಿಸಿಕೊಳ್ಳುವುದು. ನನ್ನ ಚಿಕ್ಕಪ್ಪನ ಮಗ ಶನಿವಾರ ಬರುತ್ತಿದ್ದ. ಟವೆಲ್ ಎಲ್ಲಿದೆ ಅಕ್ಕ, ಈ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ ಅಕ್ಕ, ಅಂಕಲ್ ಬೇಡ ಅಂತಿದಾರೆ ಏನ್ ಮಾಡ್ಲಿ ಅಕ್ಕ. ಕೈ ಅವನದು, ತಲೆ ನನ್ನದೇ. ಪಾಪ, ಅವನ ತಪ್ಪಲ್ಲ. ಅವನಿಗೆ ಯಾರೂ ಪೂರ್ತಿಯಾಗಿ ಒಪ್ಪಿಸಿರಲಿಲ್ಲ.

ಆಮೇಲೆ ನಾವಿಬ್ಬರೂ ಕೂತು ಒಂದು ಹಾಳೆ ಬರೆದೆವು. ಮಾತ್ರೆ ಯಾವ ಹೊತ್ತಿಗೆ ಯಾವುದು, ಬಟ್ಟೆ, ಟವೆಲ್, ಡೈಪರ್ ಯಾವ ಕಪಾಟಿನ ಯಾವ ಅರೆಯಲ್ಲಿ, ಎತ್ತಿ ಕೂರಿಸುವಾಗ ಯಾವ ಕಡೆ ನಿಲ್ಲಬೇಕು, ಡಾಕ್ಟರ್ ನಂಬರ್. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ವಿಷಯ: ಬಿದ್ದರೆ ಫೋನ್ ಮಾಡು, ಉಸಿರಾಡಲು ಕಷ್ಟವಾದರೆ ಮಾಡು. ಬೇರೆ ಯಾವುದಕ್ಕೂ ಮಾಡುವ ಹಾಗಿಲ್ಲ, ನಿನಗೆ ಸರಿ ಅನ್ನಿಸಿದ್ದು ಮಾಡು. ಆ ಹಾಳೆಯನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು. ಒಂದು ಶನಿವಾರ ನಾನು ಮನೆಯಲ್ಲೇ ಇದ್ದು, ಅವನು ಎಲ್ಲ ಮಾಡುವುದನ್ನು ಬಾಯಿ ಬಿಡದೆ ನೋಡಿದೆ. ಮುಂದಿನ ವಾರದಿಂದ ಎರಡರಿಂದ ಐದು ಗಂಟೆ ನಾನು ಮನೆಯಲ್ಲಿ ಇರುವುದಿಲ್ಲ.

ಅವನು ಅಪ್ಪನ ಹಾಸಿಗೆಯನ್ನು ನನ್ನ ಹಾಗೆ ಹಾಸುವುದಿಲ್ಲ. ಇರಲಿ. ಅದನ್ನು ತಿದ್ದಲು ಹೋದರೆ ಆ ಮೂರು ಗಂಟೆ ಮತ್ತೆ ನನ್ನ ಪಾಳಿಯಾಗುತ್ತದೆ.

ಪಾಳಿಕೆಲಸ:
ಒಬ್ಬಳೇಮಗಳು, ನೀವು ಬರೆದದ್ದನ್ನು ನಾನು ಇನ್ನೊಬ್ಬರಿಗೆ ಓದಿ ಹೇಳಿದೆ. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ನಾವು ಮಾಡುವುದೂ ಇದನ್ನೇ. ಪ್ರತಿ ರೋಗಿಯ ವಿವರ ಒಪ್ಪಿಸುತ್ತೇವೆ, ಬಂದವರು ಕೇಳಿಸಿಕೊಂಡು ಒಪ್ಪಿಕೊಳ್ಳುತ್ತಾರೆ, ಆಮೇಲೆ ನಾವು ಹೊರಡುತ್ತೇವೆ. ಮನೆಯಲ್ಲಿ ಮಾತ್ರ ಯಾರೂ ಯಾರಿಗೂ ಒಪ್ಪಿಸುವುದಿಲ್ಲ.

ನೀವು ಹೇಳಿದ್ದಕ್ಕೆ ಪುರಾವೆಯೂ ಇದೆ. ಹಡಗಿನ ಎಂಜಿನಿಯರ್‌ಗಳ ನಿದ್ದೆಯನ್ನು ಅಳೆದ ಒಂದು ಅಧ್ಯಯನ 1988ರಲ್ಲಿ ಪ್ರಕಟವಾಗಿತ್ತು. ರಾತ್ರಿ ಅಲಾರಾಂ ಹೊಡೆದರೆ ಎದ್ದು ಹೋಗಬೇಕಾದ ದಿನಗಳಲ್ಲಿ ಅವರಿಗೆ ಗಾಢ ನಿದ್ದೆ ಕಡಿಮೆ ಇತ್ತು. ಅಲಾರಾಂ ಹೊಡೆಯುವುದಕ್ಕೆ ಮುಂಚೆಯೇ ಹಾಗಿತ್ತು. ಕರೆ ಬರಬಹುದು ಅನ್ನುವ ಕಳವಳವೇ ನಿದ್ದೆ ಕೆಡಿಸುತ್ತದೆ.

ತಡರಾತ್ರಿ:
ನಾನು ಗಂಡಸು, ಮಗುವಿಗೆ ಎಂಟು ತಿಂಗಳು. ಹೆಂಡತಿಗೆ ಇಂಥ ಒಂದು ಹೊತ್ತು ಮಾಡಿಕೊಡಬೇಕು ಅಂತ ಓದುತ್ತಾ ಓದುತ್ತಾ ಗಟ್ಟಿಯಾಯಿತು. ಎಲ್ಲಿಂದ ಶುರು ಮಾಡಲಿ?

ಒಬ್ಬಳೇಮಗಳು:
ಅಣ್ಣ, ಏನು ಸಹಾಯ ಬೇಕು ಹೇಳು ಅಂತ ಮಾತ್ರ ಕೇಳಬೇಡಿ. ಯೋಚಿಸಿ ಹೇಳುವುದೂ ಅವರಿಗೆ ಒಂದು ಕೆಲಸವೇ. ಭಾನುವಾರ ಹತ್ತರಿಂದ ಒಂದರವರೆಗೆ ಮಗು ನನ್ನದು ಅಂತ ಹೇಳಿ. ಹಾಲು, ಬಟ್ಟೆ, ಮಲಗಿಸುವುದು ಎಲ್ಲ ಹಿಂದಿನ ದಿನವೇ ನೋಡಿ ಕಲಿತಿಟ್ಟುಕೊಳ್ಳಿ. ಅವರು ಮನೆಯಲ್ಲೇ ಇದ್ದರೆ ನೀವು ಮಗು ಎತ್ತಿಕೊಂಡು ಹೊರಗೆ ಹೋಗಿ. ಅಳು ಕೇಳಿಸಿದರೆ ತಾಯಿ ಮಲಗುವುದಿಲ್ಲ. ಪ್ರತಿ ವಾರ ಅದೇ ದಿನ, ಅದೇ ಹೊತ್ತು ಇರಲಿ. ಯಾವಾಗ ಸಿಗುತ್ತದೋ ಗೊತ್ತಿಲ್ಲ ಅನ್ನುವ ಬಿಡುವಿಗೆ ಮನಸ್ಸು ಕಾಯುವುದಿಲ್ಲ.

ಒಂಟಿಸವಾರ:
ವಹಿಸಿಕೊಳ್ಳಲು ಯಾರೂ ಇಲ್ಲದವರು ಏನು ಮಾಡಬೇಕು? ನಾನೂ ನನ್ನ ಮಗಳೂ ಇಬ್ಬರೇ. ಇಲ್ಲಿ ಎಲ್ಲರಿಗೂ ಯಾರೋ ಒಬ್ಬರು ಇದ್ದಾರೆ.

ಹಳೇಮರ:
ಕಷ್ಟದ ಪ್ರಶ್ನೆ, ಸುಲಭದ ಉತ್ತರ ಕೊಟ್ಟು ನಿಮ್ಮನ್ನು ಸಮಾಧಾನ ಮಾಡಲಾರೆ. ನಿಮ್ಮ ಮಗಳ ವಯಸ್ಸಿನ ಮಗು ಇರುವ ಇನ್ನೊಬ್ಬ ತಾಯಿಯೋ ತಂದೆಯೋ ಇದ್ದರೆ ಅದಲು ಬದಲು ಮಾಡಿಕೊಳ್ಳಿ. ಒಂದು ವಾರ ಇಬ್ಬರು ಮಕ್ಕಳೂ ಅವರ ಹತ್ತಿರ, ಇನ್ನೊಂದು ವಾರ ನಿಮ್ಮ ಹತ್ತಿರ. ಇದರಲ್ಲಿ ಹಂಗು ಇಲ್ಲ, ಅದಕ್ಕೇ ಜಾಸ್ತಿ ದಿನ ನಡೆಯುತ್ತದೆ.

ಅದು ಕೂಡಿ ಬರುವ ತನಕ, ಮಗು ಮಲಗಿದ ಮೇಲೆ ಮಾಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ರೂಪಿಸಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಮಲಗಿಕೊಂಡು ಬಲಗೈ ಮುಷ್ಟಿ ಬಿಗಿ ಹಿಡಿಯಿರಿ. ಐದು ಸೆಕೆಂಡು ಹಾಗೇ ಇರಲಿ, ಮೊಣಕೈವರೆಗೂ ಬಿಗಿತ ಗೊತ್ತಾಗಬೇಕು. ಆಮೇಲೆ ಒಮ್ಮೆಲೇ ಬಿಟ್ಟುಬಿಡಿ. ಇಪ್ಪತ್ತು ಸೆಕೆಂಡು ಏನೂ ಮಾಡದೆ ಆ ಕೈಯನ್ನೇ ಗಮನಿಸಿ. ಎಡಗೈ, ಭುಜ, ಹಣೆ, ದವಡೆ, ಹೊಟ್ಟೆ, ತೊಡೆ, ಪಾದ, ಹೀಗೆ ಒಂದೊಂದಾಗಿ ಮಾಡಿ. ದವಡೆಗೆ ಬಂದಾಗ ಎಷ್ಟು ಹೊತ್ತಿನಿಂದ ಹಲ್ಲು ಕಚ್ಚಿಕೊಂಡಿದ್ದೆವು ಅಂತ ಗೊತ್ತಾಗುತ್ತದೆ. ಜೊತೆಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗೇ ಸ್ವಲ್ಪ ಇಳಿಯುತ್ತದೆ. ನೋವಿರುವ ಜಾಗವನ್ನು ಬಿಗಿ ಮಾಡಬೇಡಿ.

ಇದು ವಹಿಸಿಕೊಳ್ಳುವ ಮನುಷ್ಯರ ಜಾಗ ತುಂಬುವುದಿಲ್ಲ. ಆದರೂ ಮಾಡಿ.

ಒಂಟಿಸವಾರ:
ಅದಲು ಬದಲು ಯೋಚನೆ ಹಿಡಿಸಿತು. ಮಗಳ ಗೆಳತಿಯ ಅಮ್ಮನನ್ನು ಕೇಳುತ್ತೇನೆ. ಅವರೂ ಒಬ್ಬರೇ.

ಪಾಳಿಕೆಲಸ:
ಇನ್ನೊಂದು ಮಾತು ಎಲ್ಲರಿಗೂ. ಸಾಕಷ್ಟು ಮಲಗಿದರೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ಡಾಕ್ಟರನ್ನು ನೋಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಗೊರಕೆ ಜೊತೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಬರೀ ಸುಸ್ತಿನ ರೂಪದಲ್ಲೇ ಕಾಣಿಸಬಹುದು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಖುಷಿ ಸಿಗುತ್ತಿಲ್ಲ, ಮನಸ್ಸು ಕುಗ್ಗಿದೆ ಅನ್ನಿಸಿದರೆ ಅದನ್ನೂ ಮುಚ್ಚಿಡದೆ ಹೇಳಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಸಂಜೆಗಾಳಿ:
ಮತ್ತೆ ಬಂದೆ. ಗಂಡನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಹಾಳೆ ಬರೆದೆವು. ನನಗೆ ಇಷ್ಟೆಲ್ಲ ಬಾಯಿಪಾಠ ಇತ್ತು ಅಂತ ಬರೆಯುವಾಗಲೇ ಗೊತ್ತಾಗಿದ್ದು. ಎರಡು ಪುಟ ತುಂಬಿತು. ಅತ್ತೆ ನೀರಿನ ಲೋಟ ಬಲಗಡೆ ಇಟ್ಟರೆ ಮಾತ್ರ ಕುಡಿಯುತ್ತಾರೆ, ಚಿಕ್ಕವನಿಗೆ ಮಲಗುವಾಗ ಕಿಟಕಿ ಮುಚ್ಚಿರಬೇಕು, ಇಂಥವೇ ಎಷ್ಟೋ. ಭಾನುವಾರ ಮೂರರಿಂದ ಆರರವರೆಗೆ ಅವರದು ಅಂತಾಯಿತು. ನಾನು ಗೆಳತಿಯ ಮನೆಗೆ ಹೋಗಿ ಅವಳ ಹೊಲಿಗೆ ಮಿಷನ್ ಮೇಲೆ ಕೈ ಕಲಿಯುತ್ತಿದ್ದೇನೆ. ದಣಿವು ಪೂರ್ತಿ ಹೋಗಿಲ್ಲ, ಆದರೆ ಭಾನುವಾರ ಸಂಜೆ ಮಕ್ಕಳ ಮೇಲೆ ರೇಗುವುದು ಕಡಿಮೆಯಾಗಿದೆ, ಅದು ನನಗೇ ಗೊತ್ತಾಗುತ್ತಿದೆ.

ರಾತ್ರಿಯದ್ದೇ ಉಳಿದಿದೆ. ಅತ್ತೆ ಎರಡು ಸಲ ಏಳುತ್ತಾರೆ, ಇಬ್ಬರಿಗೂ ಎಚ್ಚರವಾಗುತ್ತದೆ.

ಪಾಳಿಕೆಲಸ:
ಇಬ್ಬರೂ ಏಳುವುದರಲ್ಲಿ ಅರ್ಥವಿಲ್ಲ. ದಿನ ಬಿಟ್ಟು ದಿನ ಸರದಿ ಮಾಡಿ. ಸರದಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ನಿಮ್ಮ ಹಾಳೆಗೆ ರಾತ್ರಿಯ ಭಾಗ ಬೇರೆಯೇ ಸೇರಿಸಿ: ಬಾತ್‌ರೂಮ್ ದೀಪ ಹಾಕಿಟ್ಟಿರಬೇಕು, ಎದ್ದ ತಕ್ಷಣ ನಿಲ್ಲಿಸಬಾರದು, ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂರಿಸಬೇಕು. ಅವರು ಮೂತ್ರ ಜಾಸ್ತಿ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನೀವಾಗಿ ಬದಲಿಸಬೇಡಿ.

ಸಂಜೆಗಾಳಿ:
ಅಂಥ ಮಾತ್ರೆ ಒಂದಿದೆ, ಸಂಜೆ ಕೊಡುತ್ತಿದ್ದೇವೆ. ನಾಳೆಯೇ ಕೇಳುತ್ತೇನೆ. ಇವತ್ತು ರಾತ್ರಿಯ ಸರದಿ ಅವರದು.